ಕೆಂಪಸಿದ್ದಯ್ಯನ ಅಂಗೈ

ದೀಪಾವಳಿ ಕಳೆದು ಎರಡು ದಿನವಾಗಿತ್ತು. ಬೆಳಿಗ್ಗೆ ದೇವರಿಗೆ ಬಿಟ್ಟ ಬಸವ ಬಸಪ್ಪನ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಗುಡಿಯ ಮುಂದಿನ ಬಸರಿಮರದ ಕೆಳಗೆ ಹುಲ್ಲು ಹಾಕುತ್ತಿದ್ದೆ. ಮದ್ದೂರಿನ ಕಡೆಯಿಂದ ಬಂದ ಬಾಡಿಗೆ ಗಾಡಿಯೊಂದು ಕೆರೆ ಏರಿಯ ಮೇಲೆ ನಿಂತಿತು. ಅದರಿಂದ ಎತ್ತರದ ಆಳೊಬ್ಬ ಇಳಿದು, ಎದೆಗೆ ಒಂದು ಬಟ್ಟೆಯ ಗಂಟನ್ನು ಅವುಚಿಕೊಂಡು ನನ್ನ ಕಡೆಗೇ ಬಂದ. ಹತ್ತಿರವಾದ ಮೇಲೆ ಗುರುತು ಹತ್ತಿತು. ಅವನು ಗಫಾರ್. ಮಳವಳ್ಳಿ ದಾರಿಯ ಹೊರಠಾಣೆಯಲ್ಲಿ ಪೇದೆಯಾಗಿದ್ದವನು. ಎರಡು ತಿಂಗಳ ಹಿಂದೆ ನಮ್ಮೂರಿನ ಹುಡುಗರು ಅವನನ್ನು ಠಾಣೆಯೊಳಗೇ ಸುಡಲು ಹೊರಟಿದ್ದರು. ಈಗ ಅವನು ಹಾಡುಹಗಲಿನಲ್ಲಿ, ಒಬ್ಬನೇ, ನಮ್ಮೂರಿಗೆ ಬಂದಿದ್ದ.

"ಅಯ್ನೋರೆ, ದೇವಿರಮ್ಮನವರ ಮನೆ ಯಾವುದು?" ಎಂದ.

"ಯಾಕಪ್ಪ?" ಎಂದೆ.

ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಗಂಟು ಬಿಚ್ಚಿದ. ಒಳಗೆ ಮಡಿಸಿದ ಕರಿಯ ಕಂಬಳಿ, ಕಂಬಳಿಯ ಮೇಲೆ ಹಿತ್ತಾಳೆಯ ಒಂದು ವಿಷಲ್ಲು, ಕಾಗದದಲ್ಲಿ ಸುತ್ತಿದ ಒಂದು ಹಿಡಿ ಮಣ್ಣು. ಆ ವಿಷಲ್ಲನ್ನು ಕಂಡಕೂಡಲೇ ನನ್ನ ಕೈಯಿಂದ ಹುಲ್ಲಿನ ಕಂತೆ ಜಾರಿತು. ಅದರ ದನಿ ಕೇಳಿದರೆ ಸುತ್ತ ಹತ್ತು ಹಳ್ಳಿಯ ಮುನ್ನೂರು ಗಂಡಾಳು ಕೋಲು ಹಿಡಿದು ಏಳುತ್ತಿದ್ದ ಕಾಲವೊಂದಿತ್ತು. ಅದು ದೇವಿರಮ್ಮನ ಒಬ್ಬನೇ ಮಗ, ನಮ್ಮ ಕಾವಲು ದಳದ ಯಜಮಾನ, ಕೆಂಪಸಿದ್ದಯ್ಯನದು.

"ಯಾವಾಗ ಹೋದ?" ಎಂದು ಕೇಳಿದೆ.

"ಹದಿನೆಂಟು ದಿನ ಆಯ್ತು. ಬರೋಕೆ ನನಗೆ ಧೈರ್ಯ ಸಾಲಲಿಲ್ಲ."

ನನಗೆ ಮೊದಲು ಬಂದದ್ದು ಅಳುವಲ್ಲ. ಭಯ. ಏಕೆಂದರೆ ಕೆಂಪಸಿದ್ದಯ್ಯ ಊರು ಬಿಟ್ಟದ್ದು ದ್ರೋಹಿ ಎನ್ನಿಸಿಕೊಂಡು. ಆ ಹೆಸರನ್ನು ಅಳಿಸುವ ಮಾತೊಂದು ನನ್ನ ಬಾಯಲ್ಲಿತ್ತು. ಅದನ್ನು ಆಡುವುದಿಲ್ಲವೆಂದು ಅವನಿಗೇ ಮಾತು ಕೊಟ್ಟಿದ್ದೆ. ಈಗ ಅವನಿಲ್ಲ. ಆ ಮಾತು ಉಳಿದಿತ್ತು, ಅದನ್ನು ಹೊತ್ತ ನಾನು ಉಳಿದಿದ್ದೆ.

ಅವನು ಎಂಥವನೆಂಬುದನ್ನು ಮೊದಲು ಹೇಳುತ್ತೇನೆ.

ಅವನ ತಂದೆ ಬೋರಯ್ಯ ನಮ್ಮ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಎಂದು, ಎಷ್ಟು ಹೊತ್ತು ನೀರೆಂದು ಗೊತ್ತುಮಾಡಿ ತೂಬು ಎತ್ತುವವನು. ನೀರುಗಂಟಿಯ ಗದ್ದೆಗೆ ಎಲ್ಲರದೂ ಆದಮೇಲೆ ಕಡೆಯಲ್ಲಿ ನೀರು ಎಂಬುದು ನಮ್ಮೂರಿನ ರೂಢಿ. ಹುಡುಗ ಆ ರೂಢಿಯನ್ನು ನೋಡುತ್ತಲೇ ಬೆಳೆದ. ನನ್ನ ಜಗುಲಿಯ ಮಠದಲ್ಲಿ ಎರಡು ವರ್ಷ ಅಕ್ಷರ ತಿದ್ದಿದ. ಬುದ್ಧಿ ಚುರುಕೆಂದು ಹೇಳಲಾರೆ. ಆದರೆ ಕುಡಿಯುವ ನೀರಿನ ಚೊಂಬು ಸುತ್ತಿ ಬಂದಾಗ ಅವನು ಕಡೆಯಲ್ಲಿ ಕುಡಿಯುತ್ತಿದ್ದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆಗ ಮೈಸೂರು ಸೀಮೆಯಲ್ಲಿ ದಿವಾನರ ಮಾತೇ ಕಾನೂನು. ಸಭೆ ಸೇರಕೂಡದು, ಬಾವುಟ ಹಿಡಿಯಕೂಡದು, ಮೆರವಣಿಗೆ ಹೋಗಕೂಡದು. ಕೇಳುವವರ ತಲೆಯ ಮೇಲೆ ಲಾಠಿ. ಶಿವಪುರದಲ್ಲಿ ಬಾವುಟ ಹಾರಿಸಿದ ವರ್ಷ ಕೆಂಪಸಿದ್ದಯ್ಯನಿಗೆ ಹತ್ತೊಂಬತ್ತು. ನಡೆದುಕೊಂಡು ಹೋದವನು ಮೂರನೆಯ ದಿನ ಹಣೆ ಊದಿಸಿಕೊಂಡು ಬಂದ. ನಾನು ಸುಣ್ಣ ಅರಿಸಿನ ಕಲಸಿ ಹಚ್ಚುತ್ತ, "ಓಡಿ ಬಂದೆಯೇನಪ್ಪ?" ಎಂದೆ.

"ಓಡ್ದೋ ಅಯ್ನೋರೆ. ಓಡಿದ್ದು ತಪ್ಪಲ್ಲ. ದಿಕ್ಕಿಗೊಬ್ರು ಓಡ್ದೋ ನೋಡಿ, ಅದು ತಪ್ಪು. ಒಂದ್ ಕಡೀಕ್ ಓಡಿದ್ರೆ ಮುದುಕ್ರೂ ಉಳ್ಕತಿದ್ರು."

ಮರುತಿಂಗಳು ಮದ್ದೂರಿನಲ್ಲಿ ರೈಲಿನ ಗಾರ್ಡಾಗಿ ನಿವೃತ್ತನಾದವನೊಬ್ಬನಿಂದ ಈ ವಿಷಲ್ಲನ್ನು ಕೇಳಿ ತಂದ. ಬಸರಿಮರದ ಕೆಳಗೆ ಹನ್ನೆರಡು ಹುಡುಗರನ್ನು ಸೇರಿಸಿದ. ಒಬ್ಬೊಬ್ಬರಿಗೆ ಒಂದೊಂದು ಬಿದಿರು ಕೋಲು. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಇದ್ದಲ್ಲೇ ಕೂರಬೇಕು, ಮೂರು ಸಲ ಊದಿದರೆ ಅವನಿರುವಲ್ಲಿಗೆ ಬರಬೇಕು. ಕಟ್ಟಳೆಗಳೂ ಇದ್ದವು. ಮೊದಲ ಏಟು ದಳದವರದಾಗಬಾರದು. ಹೆಂಡ ಕುಡಿದವನ ಕೈಗೆ ಕೋಲು ಕೊಡಬಾರದು. ಕೋಲು ಕೆಳಗಿಟ್ಟವನ ಮೇಲೆ ಕೋಲು ಎತ್ತಬಾರದು. ಈ ಕಡೆಯ ಮಾತಿನ ಮೇಲೆ ಅವರೆಲ್ಲ ಬಸಪ್ಪನ ಕೊರಳು ಮುಟ್ಟಿ ಆಣೆ ಮಾಡಿದರು. ಆಣೆ ಮಾಡಿಸಿದವನು ನಾನೇ.

ದೊಡ್ಡವರು ನಕ್ಕರು. "ನೀರುಗಂಟಿ ಮಗ ದಂಡು ಕಟ್ಟವ್ನೆ ಕಣ್ರಪ್ಪ, ಎಮ್ಮೆ ಕಾಯಾಕೆ!" ಎಂದರು. ಯುದ್ಧದ ವರ್ಷಗಳು ಬಂದಮೇಲೆ ನಗು ನಿಂತಿತು. ಆಗ ಸರ್ಕಾರದವರು ಕಣಕ್ಕೇ ಬಂದು ಭತ್ತ ಎತ್ತುತ್ತಿದ್ದರು. ಗಂಡ ಸತ್ತ ಚಿಕ್ಕಬೋರಮ್ಮನ ಕಣದಲ್ಲಿ ಬಿತ್ತನೆಗೆಂದು ಬೇರೆ ಇಟ್ಟಿದ್ದ ರಾಶಿಗೂ ಕೈ ಹಾಕಿದರು. ವಿಷಲ್ಲು ಮೂರು ಸಲ ಕೇಳಿಸಿತು. ಇಪ್ಪತ್ತು ಹುಡುಗರು ಬಂದು ಆ ಪುಟ್ಟ ರಾಶಿಯ ಸುತ್ತ, ಕೋಲುಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಸುಮ್ಮನೆ ಕುಳಿತುಬಿಟ್ಟರು.

"ಏಳ್ರೋ ಮೇಲೆ!" ಎಂದ ಅಧಿಕಾರಿ.

"ದೊಡ್ಡ ರಾಸಿ ತಕ್ಕಂಡೋಗಿ ಸ್ವಾಮಿ, ಬ್ಯಾಡ ಅನ್ನಕಿಲ್ಲ," ಎಂದ ಕೆಂಪಸಿದ್ದಯ್ಯ. "ಬಿತ್ನೆ ಭತ್ತಾನೂ ಬೇಕು ಅಂದ್ರೆ ನಮ್ಮುನ್ನೂವೆ ಗಾಡೀಗೆ ತುಂಬ್ಕಳಿ. ಬಿತ್ನೆ ಇಲ್ದಿದ್ ಮ್ಯಾಲೆ ಊರಲ್ಲಿ ಕುಂತ್ಕಂಡು ನಾವ್ ಮಾಡೋದೇನದೆ?"

ಆ ಅಧಿಕಾರಿ ಇಪ್ಪತ್ತು ತಲೆಗಳನ್ನು ನೋಡಿದ, ಮೇಲೆ ನೋಡಿದ, ಮಳೆ ಬರುವ ಹಾಗಿದೆಯೆಂದು ಗಾಡಿ ಹೂಡಿಸಿದ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ.

ಆ ಸುದ್ದಿ ಹೊಳಲಿಗೆ ಹೋಯಿತು, ಗುತ್ತಲಿಗೆ ಹೋಯಿತು, ಚಿಕ್ಕರಸಿನಕೆರೆಗೆ ಹೋಯಿತು. ಅಲ್ಲಿಯ ಹುಡುಗರೂ ಕೋಲು ಹಿಡಿದು ಬಂದರು. ಹನ್ನೆರಡು ಮುನ್ನೂರಾಯಿತು. ನಲವತ್ತೆರಡರಲ್ಲಿ ಅವನನ್ನು ಹಿಡಿದು ಎಂಟು ತಿಂಗಳು ಸೆರೆಯಲ್ಲಿಟ್ಟರು. ಬಿಡುಗಡೆಯಾದ ದಿನ ಮದ್ದೂರು ಸ್ಟೇಷನ್ನಿನಲ್ಲಿ ಇನ್ನೂರು ಜನ ಹಾರ ಹಿಡಿದು ಕಾದರು. ಅವನು ರೈಲಿನ ಆಚೆ ಬಾಗಿಲಿನಿಂದ ಇಳಿದು, ಗದ್ದೆ ಬದುವಿನ ಮೇಲೆ ನಡೆದು, ತಾಯಿಯ ಮುಂದೆ ಮುದ್ದೆ ಉಣ್ಣುತ್ತ ಕುಳಿತಿದ್ದ. ಹಾರ ತಂದವರು ಸಂಜೆಯವರೆಗೆ ಕಾದು, ಅವನನ್ನು ಬಾಯಿಗೆ ಬಂದಂತೆ ಬೈದು, ಹಾರಗಳನ್ನು ಬಸಪ್ಪನ ಕೊರಳಿಗೆ ಹಾಕಿ ಹೋದರು.

ತಪ್ಪೇ ಇಲ್ಲದ ಮನುಷ್ಯನಲ್ಲ. ವಿಷಲ್ಲಿನ ದನಿ ಅವನಿಗೆ ಸ್ವಲ್ಪ ಹೆಚ್ಚೇ ಪ್ರಿಯವಾಗಿತ್ತು. ಅವನಿಗೆ ಬಲಗೈಯಂತಿದ್ದ ಅಂಕಯ್ಯ ಒಂದು ದಿನ ತಡವಾಗಿ ಬಂದನೆಂದು, ಎಲ್ಲರೆದುರು ಬಿಸಿಲಿನಲ್ಲಿ ಎರಡು ಗಳಿಗೆ ನಿಲ್ಲಿಸಿದ. ಅಂಕಯ್ಯನ ಹೆಂಡತಿಗೆ ಅಂದು ಹೆರಿಗೆಯಾಗಿತ್ತು. ಅದು ತಿಳಿದಮೇಲೆ ಕೆಂಪಸಿದ್ದಯ್ಯ ಹೋಗಿ ಕೂಸಿಗೆ ಬೆಳ್ಳಿಯ ಉಡಿದಾರ ಕಟ್ಟಿ ಬಂದ. ಅಂಕಯ್ಯ ಉಡಿದಾರ ಇಟ್ಟುಕೊಂಡ, ಬಿಸಿಲನ್ನೂ ಮರೆಯಲಿಲ್ಲ.

ಈ ವರ್ಷ ಶ್ರಾವಣದಲ್ಲಿ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ನಮಗೆ ಮಾತ್ರ ದಿವಾನರ ಆಳ್ವಿಕೆಯೇ ಉಳಿಯಿತು. ಜನರ ಸರ್ಕಾರ ಬೇಕೆಂದು ಸೀಮೆಯೆಲ್ಲ ಎದ್ದಿತು. ಮಳವಳ್ಳಿಯಲ್ಲಿ ನಡೆದ ಲಾಠಿ ಏಟಿನಲ್ಲಿ ನಮ್ಮ ದಳದ ಚಲುವರಾಜು ಎಂಬ ಹುಡುಗನ ಮೊಣಕೈ ಮುರಿಯಿತು. ಹೊಡೆದವನು ಪೇದೆ ಗಫಾರ್ ಎಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಶುಕ್ರವಾರ ದಳದವರು ಆ ಹೊರಠಾಣೆಯ ಮೇಲೆ ಬಾವುಟ ಏರಿಸಲು ಹೋದರು. ಇವರನ್ನು ಕಂಡು ಉಳಿದ ಪೊಲೀಸರು ಓಡಿದರು. ಗಫಾರ್ ಒಬ್ಬ ಒಳಗೆ ಸಿಕ್ಕಿಕೊಂಡ. ಬಾವುಟ ಏರಿತು, ಜೈಕಾರವಾಯಿತು. ಆಮೇಲೆ ಯಾರೋ ಹೊರಗಿನಿಂದ ಅಗುಳಿ ಹಾಕಿ, ಠಾಣೆಯ ಹುಲ್ಲಿನ ಸೂರಿಗೆ ಬೆಂಕಿ ಇಟ್ಟರು.

ಕೆಂಪಸಿದ್ದಯ್ಯ ಎರಡು ಸಲ ಊದಿದ. ಯಾರೂ ಕೂರಲಿಲ್ಲ. ಮೂರು ಸಲ ಊದಿದ. ಯಾರೂ ಬರಲಿಲ್ಲ. ಆಗ ತಾನೇ ಹೋಗಿ, ಹತ್ತಿ ಉರಿಯುತ್ತಿದ್ದ ಬಾಗಿಲಿನ ಕಾದ ಅಗುಳಿಯನ್ನು ಬರಿಗೈಯಲ್ಲಿ ಕಿತ್ತು, ಗಫಾರನನ್ನು ಎಳೆದು ತಂದು, ತನ್ನ ಕಂಬಳಿಯನ್ನು ಅವನ ಮೇಲೆ ಹೊದಿಸಿದ.

"ಬುಡು ಅವನ್ನ!" ಎಂದ ಅಂಕಯ್ಯ. "ಚಲುವರಾಜು ಕೈ ಮುರ್ದೋನು ಕಣ್ಲಾ ಅವ್ನು!"

"ಗೊತ್ತು ಕಣ್ಲಾ. ನೋಡು, ಲಾಠಿ ಬಿಸಾಕವ್ನೆ. ಬಸಪ್ಪನ್ ಕೊಳ್ ಮುಟ್ಟಿ ಏನ್ ಅಂದಿದ್ದೆ ನೀನು?"

"ಆಣೆ ಗೀಣೆ ಆಮ್ಯಾಕೆ. ನೀನು ಪೋಲೀಸ್ನೋರ ಕಡೆಯೋ, ನಮ್ ಕಡೆಯೋ, ಅದ್ ಏಳು ಮೊದ್ಲು!"

"ಸರ್ಕಾರದ್ ಬಟ್ಟೆ ಬಿಚ್ಚುದ್ ಮ್ಯಾಲೆ ಅವ್ನೂ ಒಬ್ಬ ಮನ್ಸ ಕಣ್ಲಾ. ದಾರಿ ಬುಡು."

ಹೀಗೆಂದು ಅವನನ್ನು ಕಬ್ಬಿನ ಗದ್ದೆಗಳ ನಡುವೆ ನಡೆಸಿಕೊಂಡು ಹೋಗಿ ಮದ್ದೂರಿನ ದಾರಿ ಹಿಡಿಸಿ ಬಂದ. ಮರುದಿನ ಬೆಳಿಗ್ಗೆ ಬೊಬ್ಬೆ ಎದ್ದ ಬಲ ಅಂಗೈ ಹಿಡಿದುಕೊಂಡು ಗುಡಿಗೆ ಬಂದ. ಪಡಸಾಲೆಯಲ್ಲಿ ನೇತುಹಾಕಿದ್ದ ಗಡಿಗೆಯಿಂದ ಬೇವಿನೆಣ್ಣೆ ತೆಗೆದು ನಾನು ಹಚ್ಚಿದೆ.

ಭಾನುವಾರ ಪೊಲೀಸರ ಲಾರಿ ಬಂತು. ನೆಟ್ಟಗೆ ಆರು ಮನೆಗಳಿಗೆ ಹೋಗಿ ಆರು ಹುಡುಗರನ್ನು ಹಿಡಿದು ಒಯ್ದರು. ಊರು ಉರಿದೆದ್ದಿತು. ಪೇದೆಯನ್ನು ಬಿಟ್ಟು ಕಳಿಸಿದವನೇ ಹೆಸರುಗಳನ್ನೂ ಕೊಟ್ಟು ಕಳಿಸಿದ್ದಾನೆ ಎಂದು ಅಂಕಯ್ಯ ಹೇಳಿದ. ಇಲ್ಲವೆನ್ನಲು ಯಾರ ಬಳಿಯೂ ಏನೂ ಇರಲಿಲ್ಲ. ಇಂಥ ಕಡೆ ನಮ್ಮಲ್ಲಿ ನಡೆಯುವುದು ಒಂದೇ ತೀರ್ಮಾನ. ಆಪಾದನೆ ಹೊತ್ತವನು ಮಿಂದು ಮಡಿಯುಟ್ಟು, ಬಸಪ್ಪನ ಮುಂದೆ ಬಲ ಅಂಗೈಯನ್ನು ನೆಲಕ್ಕಿಟ್ಟು ಕೂರಬೇಕು. ಬಸಪ್ಪ ಬಂದು ಅಂಗೈಯ ಮೇಲೆ ಮೆಲ್ಲಗೆ ಪಾದವಿಟ್ಟರೆ ಅವನು ಸತ್ಯವಂತ. ಇಡದೆ ಹೋದರೆ ಅಲ್ಲ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಷ್ಟನ್ನು ಬಸಪ್ಪ ಹಾಗೆ ತೀರಿಸಿದ್ದಾನೋ. ಕೋರ್ಟಿಗೆ ಹೋದವರಿಲ್ಲ, ಮಚ್ಚು ಎತ್ತಿದವರಿಲ್ಲ.

ಸೋಮವಾರ ಊರೆಲ್ಲ ಸೇರಿತು. ಕೆಂಪಸಿದ್ದಯ್ಯ ಕಟ್ಟು ಬಿಚ್ಚಿ, ಬೆಂದ ಅಂಗೈಯನ್ನು ನೆಲಕ್ಕಿಟ್ಟು ಕುಳಿತ. ಮುಖದಲ್ಲಿ ಅನುಮಾನವೇ ಇರಲಿಲ್ಲ. ನಾನು ಗಂಟೆ ಬಾರಿಸಿ ಬಸಪ್ಪನನ್ನು ಬಿಟ್ಟೆ. ಅವನು ನೆಟ್ಟಗೆ ಕೆಂಪಸಿದ್ದಯ್ಯನ ಕಡೆಗೇ ನಡೆದ. ತಲೆ ಬಗ್ಗಿಸಿ ಅಂಗೈಯನ್ನು ಮೂಸಿದ. ಎತ್ತಿದ ಬಲಗಾಲನ್ನು ಹಾಗೆಯೇ ಹಿಂದಕ್ಕೆಳೆದುಕೊಂಡು, ಮೈ ನಡುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದ.

ಜನ ಒಮ್ಮೆಗೇ ಉಸಿರು ಬಿಟ್ಟದ್ದು ಕೇಳಿಸಿತು. ಕೆಂಪಸಿದ್ದಯ್ಯ ತನ್ನ ಅಂಗೈ ನೋಡಿಕೊಂಡ. ಅದನ್ನು ಮೂಗಿನ ಬಳಿ ಹಿಡಿದ. ನನ್ನ ಕಡೆ ಒಂದು ಸಲ ನೋಡಿದ. ಎದ್ದು, ಕೋಲನ್ನು ಮರಕ್ಕೆ ಒರಗಿಸಿ, ವಿಷಲ್ಲನ್ನು ಅಂಕಯ್ಯನ ಮುಂದೆ ಹಿಡಿದ.

"ನಿನ್ ವಿಷಲ್ಲು ನೀನೇ ಮಡೀಕಳಪ್ಪ," ಎಂದ ಅಂಕಯ್ಯ. "ಪೋಲೀಸ್ನೋರ್ಗೆ ಊದುವಂತೆ."

ಕೆಲವರು ನಕ್ಕರು. ಚಿಕ್ಕಬೋರಮ್ಮನ ಮಕ್ಕಳೂ ನಕ್ಕರು.

ಮಧ್ಯಾಹ್ನ ನಾನು ಅವನನ್ನು ತೂಬಿನ ಹತ್ತಿರ ಹಿಡಿದೆ. "ಅಪ್ಪ, ಹದಿನೈದು ದಿನದ ಕೆಳಗೆ ಬಸಪ್ಪನ ಮುಂಗಾಲಿನ ಗೊರಸಿನ ಸಂದಿಯಲ್ಲಿ ಹುಣ್ಣಾಗಿತ್ತು. ಐದು ದಿನ ನಾಲ್ಕಾಳು ಹಿಡಿದು ಬಿಸಿ ಬೇವಿನೆಣ್ಣೆ ಬಿಟ್ಟೆವು. ಈಗಲೂ ಆ ಗಡಿಗೆ ಕಂಡರೆ ಕಾಲೆತ್ತಿ ಹಿಂದೆ ಸರಿಯುತ್ತಾನೆ. ನಿನ್ನ ಕೈಯಲ್ಲಿದ್ದದ್ದು ಅದೇ ಎಣ್ಣೆ. ಈಗಲೇ ಊರವರನ್ನು ಕರೆದು ಹೇಳುತ್ತೇನೆ," ಎಂದೆ.

"ವಾಸ್ನೆ ಬಂತು ಅಯ್ನೋರೆ. ನಂಗೂ ತಿಳೀತು," ಎಂದ. "ಯಾರ್ಗೂ ಏಳ್ಬ್ಯಾಡಿ."

"ಯಾಕಯ್ಯ? ನಿನ್ನ ಹೆಸರು ಹೋಯಿತಲ್ಲ!"

"ಠಾಣೆ ತಾವ್ ಏನಾಯ್ತು ಕೇಳಿದ್ರಲ್ಲ. ನನ್ ವಿಷಲ್ಲಿಗೇ ಯಾರೂ ನಿಲ್ನಿಲ್ಲ. ಇನ್ನ ಅವ್ರು ನಿಲ್ಲಾದು ಬಸಪ್ಪನ್ ಮುಂದೆ ಒಂದೇಯ. ಎಣ್ಣೆ ವಾಸ್ನೇಗೆ ತೀರ್ಮಾನ ಕೆಟ್ಟೋಯ್ತು ಅಂದ್ರೆ, ನಾಳಿಂದ ಬಸಪ್ಪನ್ ಮಾತ್ನ ಯಾವನ್ ನಂಬ್ತಾನೆ? ಕೋಲೇ ನ್ಯಾಯ ಆಗೋಯ್ತದೆ. ಆ ಕೋಲು ಕೊಟ್ಟೋನು ನಾನೇ. ಬುಡಿ, ನನ್ ಎಸ್ರು ಓದ್ರೆ ಓಯ್ತದೆ."

ನನ್ನ ಕೈ ಹಿಡಿದು ಮಾತು ತೆಗೆದುಕೊಂಡ. ನಾನು ಒಪ್ಪಿದ್ದು ಅವನಿಗಾಗಿ ಮಾತ್ರವೆಂದು ಹೇಳಿದರೆ ಸುಳ್ಳಾದೀತು. ಮೂವತ್ತು ವರ್ಷ ಗುಡಿಯ ಸೇವೆ ಮಾಡಿದ ನನಗೂ ಆ ಮಾತನ್ನು ಊರ ಮುಂದೆ ಆಡಲು ನಾಲಗೆ ಏಳುತ್ತಿರಲಿಲ್ಲ. ಅವನು ತಾಯಿಯ ಕಾಲಿಗೆ ಬಿದ್ದು, ಹೊತ್ತು ಇಳಿಯುವ ಮೊದಲೇ ನಡೆದುಹೋದ. ದಳ ಒಂದು ವಾರದಲ್ಲಿ ಚೆದುರಿತು.

ಈಗ ಗಫಾರ್ ಬಸರಿಮರದ ಕೆಳಗೆ ಕುಳಿತಿದ್ದ. ಸುದ್ದಿ ಹರಡಿ ಜನ ಸೇರಿದರು. ದೇವಿರಮ್ಮ ಬಂದಳು. ಕಂಬಳಿಯನ್ನು ನೋಡಿದಳು, ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಕುಳಿತಳು. ಕೂಗಲಿಲ್ಲ. ಸೆರೆಯಿಂದ ಬಿಡುಗಡೆಯಾಗಿದ್ದ ಆರು ಹುಡುಗರೂ ಬಂದು ನಿಂತರು. ಅಂಕಯ್ಯ ಎಲ್ಲರ ಹಿಂದೆ ನಿಂತ.

ಗಫಾರ್ ಹೇಳಿದ: "ಆವತ್ತೇ ನೌಕರಿ ಬಿಟ್ಟೆ. ಮೈಸೂರಲ್ಲಿ ನಮ್ಮ ಮಾವ ಕರೀಂ ಸಾಹೇಬರ ಲಾರಿ ರಿಪೇರಿ ಷೆಡ್ಡಲ್ಲಿ ಕೆಲಸಕ್ಕೆ ನಿಂತೆ. ಒಂದಿನ ಷೆಡ್ಡಿನ ಮುಂದೇನೆ ಮೆರವಣಿಗೆ ಬಂತು. ಲಾಠಿ ಬಿತ್ತು. ಜನ ದಿಕ್ಕಿಗೊಬ್ಬರು ಓಡ್ತಿದ್ರು. ವಿಷಲ್ ಕೇಳಿಸ್ತು, ತಿರುಗಿ ನೋಡ್ತೀನಿ, ಇವರು! 'ಎಲ್ಲ ಒಂದ್ ಕಡೀಕ್ ಬನ್ನಿ, ಈ ಕಡೀಕ್ ಬನ್ನಿ' ಅಂತ ಕೂಗ್ತಾ, ಮುದುಕರು ಹೆಂಗಸರನ್ನೆಲ್ಲ ನಮ್ಮ ಷೆಡ್ಡಿನೊಳಗೆ ತುಂಬಿಸಿದ್ರು. ಕೊನೆಗೆ ತಾವು ಬರೋವಾಗ ತಲೆಗೆ ಏಟು ಬಿತ್ತು. ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ರು. ಜನರ ಸರ್ಕಾರ ಬಂತು ಅಂತ ನಾನೇ ಹೇಳಿದೆ. 'ಮಳವಳ್ಳಿ ಠಾಣೇಲೂ ಬಾವುಟ ಐತಾ?' ಅಂದ್ರು. ಐತೆ ಅಂದೆ. ಮಾರನೇ ದಿನ ಹೋದ್ರು. ನಿಮ್ಮ ಕಡೆಯವರನ್ನೇ ಕರೆದು, ನಿಮ್ಮ ಪದ್ಧತಿ ಪ್ರಕಾರನೇ ಮಣ್ಣು ಮಾಡಿಸಿದೆ."

"ಆರ್ ಜನದ್ ಎಸ್ರು ಯಾರು ಏಳಿದ್ದು?" ಎಂದ ಅಂಕಯ್ಯ, ಹಿಂದಿನಿಂದ. "ನೀನಲ್ವಾ?"

ಗಫಾರ್ ಅವನನ್ನೇ ನೋಡಿದ. "ಹೇಳೋದೇನಿತ್ತು ಅಣ್ಣಾ? ಬಾವುಟದ ಕೆಳಗೆ, ಸುಣ್ಣದ ಗೋಡೆ ಮೇಲೆ, ಇದ್ದಿಲಲ್ಲಿ ನಿಮ್ಮ ಹುಡುಗರೇ ತಮ್ಮ ಹೆಸರು ಬರೆದು ಬಂದಿದ್ರಲ್ಲ. ಊರ ಹೆಸರು, ತಂದೆ ಹೆಸರು ಸಮೇತ!"

ಆರು ಹುಡುಗರೂ ನೆಲ ನೋಡಿದರು. ನಮ್ಮೂರ ದಳದಲ್ಲಿ ಕೆಂಪಸಿದ್ದಯ್ಯನನ್ನು ಬಿಟ್ಟರೆ ಹೆಸರು ಬರೆಯಲು ಬರುತ್ತಿದ್ದವರು ಆ ಆರೇ ಜನ. ಅಕ್ಷರ ಕಲಿಸಿದವನು ನಾನು. ಗುಂಡಾಗಿ ಬರೆಯಬೇಕು, ದೂರದಿಂದ ಓದುವಂತಿರಬೇಕು ಎಂದು ಕಿವಿ ಹಿಂಡಿ ಕಲಿಸಿದ್ದೆ.

ಆಗ ನನಗೆ ತಡೆಯಲಾಗಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಹುಣ್ಣು, ಎಣ್ಣೆ, ಗಡಿಗೆ, ತೂಬಿನ ಬಳಿ ಅವನಾಡಿದ ಮಾತು, ನಾನು ಕೊಟ್ಟ ಭಾಷೆ. "ಇದನ್ನು ಅಂದೇ ಹೇಳಿದ್ದರೆ ಅವನು ಊರು ಬಿಡುತ್ತಿರಲಿಲ್ಲ. ತಪ್ಪು ನನ್ನದು," ಎಂದೆ. ಹೇಳಿ ಮುಗಿಸಿ ಮೆಟ್ಟಿಲ ಮೇಲೇ ಕುಳಿತೆ. ಇನ್ನು ಬಸಪ್ಪನ ಗತಿಯೇನು, ಊರಿನ ಗತಿಯೇನು ಎಂಬುದೊಂದೇ ತಲೆಯಲ್ಲಿತ್ತು.

ಊರಿಗೆಲ್ಲ ಹಿರಿಯಳಾದ ಸೋಮಮ್ಮ ಬಾಯಿ ಬಿಟ್ಟಳು. "ಬಸಪ್ಪ ನೋವಾಯ್ತದೆ ಅಂತ ಕಾಲೆತ್ಕತು. ಅದು ಸುಳ್ಳು ಏಳ್ನಿಲ್ಲ. ತಪ್ಪಾಗಿ ತಿಳ್ಕಂಡೋರು ನಾವು. ನಿಮ್ ಕಣ್ಗೆ ಆ ಬೆಂದ ಕೈ ಕಾಣ್ನಿಲ್ವೇನ್ರಲಾ? ಯಾರ್ಗೋಸ್ಕರ ಬೇಯಿಸ್ಕಂಡ ಅದ್ನ?"

ಅಂಕಯ್ಯ ಮುಂದೆ ಬಂದ. ಕಣ್ಣು ಕೆಂಪಾಗಿತ್ತು. ಬಸಪ್ಪನ ಹಗ್ಗ ಬಿಚ್ಚಿ, ಈ ವಿಷಲ್ಲನ್ನು ತನ್ನ ಅಂಗೈಯಲ್ಲಿಟ್ಟು ಕೆಂಪಸಿದ್ದಯ್ಯನ ಪರವಾಗಿ ಕೇಳೋಣ, ಊರೆಲ್ಲ ನೋಡಲಿ, ಬಸಪ್ಪ ಪಾದ ಕೊಟ್ಟೇ ಕೊಡುತ್ತಾನೆ ಎಂದು ನನ್ನನ್ನು ಬೇಡಿಕೊಂಡ.

ದೇವಿರಮ್ಮ ತಲೆಯೆತ್ತಿದಳು. "ಬ್ಯಾಡ ಕಣಪ್ಪ. ಸತ್ತೋನ್ನ ಇನ್ನೂ ಎಸ್ಟ್ ಕಿತ ಇಚಾರ್ಣೆ ಮಾಡೀರಿ? ನನ್ ಮಗ ಎಂತೋನು ಅಂತ ನಂಗೊತ್ತು. ಬಸಪ್ಪುಂಗೂ ಗೊತ್ತು. ಗೊತ್ತಿಲ್ದಿದ್ದೋರು ನೀವು."

ಆಮೇಲೆ ಗಫಾರನ ಕಡೆ ತಿರುಗಿ, "ಕಡೇಲಿ ಏನ್ ಉಂಡ ಮಗ?" ಎಂದು ಕೇಳಿದಳು.

"ಗಂಜಿ ಅಮ್ಮಾ. ನನ್ನ ಹೆಂಡತಿ ಮಹಮೂದಾ ಮಾಡಿ ಕಳಿಸ್ತಿದ್ದಳು."

"ಒಟ್ಟೆ ತುಂಬ ಉಂಡ್ನಾ?"

"ಎರಡು ಬಟ್ಟಲು ಕುಡಿದ್ರು. ಪಕ್ಕದ ಮಂಚದವನಿಗೆ ಕೊಟ್ಟು, ಆಮೇಲೆ."

"ಉಹ್ಞೂ. ಮೊದ್ಲು ಅವ್ನು ಉಣ್ಣಾಕಿಲ್ಲ," ಎಂದಳು. ಆಗ ಅತ್ತಳು.

ಕೆಂಪಸಿದ್ದಯ್ಯನ ಸಮಾಧಿಯಿಂದ ಗಫಾರ್ ತಂದ ಮಣ್ಣನ್ನು ನಾವು ತೂಬಿನ ಪಕ್ಕದಲ್ಲಿ, ಬೋರಯ್ಯನನ್ನು ಹೂತಲ್ಲೇ ಹೂತೆವು. ಹೊಳಲಿನಿಂದ, ಗುತ್ತಲಿನಿಂದ, ಚಿಕ್ಕರಸಿನಕೆರೆಯಿಂದ ಸಂಜೆಯೊಳಗೆ ಜನ ಬಂದರು. ಬಂದವರು ಒಬ್ಬೊಬ್ಬರಾಗಿ ತಮ್ಮ ಕೋಲನ್ನು ಆ ಮಣ್ಣಿನ ಬದಿಗೆ ಮಲಗಿಸಿ, ಬರಿಗೈಯಲ್ಲಿ ಹಿಂದೆ ಸರಿದು ನಿಂತರು. ಅಂಕಯ್ಯ ವಿಷಲ್ಲನ್ನು ಎರಡು ಸಲ ಊದಿದ. ಅಷ್ಟು ಜನವೂ ಇದ್ದಲ್ಲೇ ಕುಳಿತರು. ಗಫಾರನೂ ಕುಳಿತ. ಕೋಲು ಹಿಡಿದ ಕಾಲದಲ್ಲಿ ಇಷ್ಟು ಸದ್ದಿಲ್ಲದೆ ಅವರು ಕುಳಿತದ್ದನ್ನು ನಾನು ಕಂಡಿರಲಿಲ್ಲ.

ನಾನು ದೀಪ ಹಚ್ಚಿಟ್ಟು ಕೈ ಮುಗಿದೆ. ಸ್ವಾಮಿ, ಎಲ್ಲರ ಗದ್ದೆಗೂ ನೀರು ಹಾಯುವವರೆಗೆ ತನ್ನ ಗದ್ದೆಯ ಬದುವಿನ ಮೇಲೆ ಕಾದು ನಿಂತವನ ಮಗ ಇವನು. ಇವನೂ ಹಾಗೆಯೇ ಕಾದು ನಿಂತ. ಬೆಂದ ಅಂಗೈ ನಿನ್ನ ಮುಂದೆ ಚಾಚಿದಾನು, ಅದನ್ನು ಹಿಡಿದುಕೋ. ಅವನ ಹೆಸರನ್ನು ಉಳಿಸದೆ ಹೋದ ನನ್ನನ್ನು ಕ್ಷಮಿಸು. ಅವನ ಆತ್ಮಕ್ಕೆ ಇನ್ನು ಕಾವಲಿನ ಕೆಲಸ ಬೇಡ ತಂದೆ. ನಿನ್ನ ಪಾದದ ನೆರಳಿನಲ್ಲಿ, ಈ ಒಂದು ಸಲ ಎಲ್ಲರಿಗಿಂತ ಮೊದಲು, ಅವನಿಗೆ ಶಾಂತಿಯನ್ನು ಕೊಡು.